ಸ್ಟೇಷನ್ ತನಕದ ದಾರಿ ಯಾರ ಹೊಣೆ?

ಕುಂದಾಪುರದಿಂದ ಮಂಗಳೂರಿಗೋ ಬೆಂಗಳೂರಿಗೋ ರೈಲಿನಲ್ಲಿ ಹೊರಡುವವರಿಗೆ ಟಿಕೆಟ್ ಮಾಡುವುದು ಈಗ ದೊಡ್ಡ ಕೆಲಸವೇನಲ್ಲ, ಮೊಬೈಲಿನಲ್ಲೇ ಮುಗಿಯುತ್ತದೆ. ಮುಗಿಯದ ಪ್ರಶ್ನೆ ಬೇರೆ ಇದೆ: ಗಾಡಿ ಎಲ್ಲಿ ಇಡುವುದು? ಮನೆಯಿಂದ ತಂದ ಬೈಕನ್ನೋ ಕಾರನ್ನೋ ಸಂಜೆಯವರೆಗೆ, ಮರುದಿನದವರೆಗೆ, ಕೆಲವೊಮ್ಮೆ ವಾರದವರೆಗೆ ನಂಬಿ ಬಿಟ್ಟುಹೋಗುವ ಜಾಗ ಬೇಕು. ಇದನ್ನು ಸಣ್ಣ ವಿಷಯವೆಂದು ಬದಿಗೆ ಸರಿಸುವುದು ರೂಢಿ. ನನಗೆ ಹಾಗೆ ಅನ್ನಿಸುವುದಿಲ್ಲ. ಮನೆಯ ಬಾಗಿಲಿನಿಂದ ಪ್ಲಾಟ್‌ಫಾರಂ ತನಕದ ದಾರಿಯೂ ಸಾರ್ವಜನಿಕ ಸಾರಿಗೆಯ ಭಾಗವೇ. ಆ ದಾರಿಯ ಹೊಣೆ ಯಾರದ್ದೆಂದು ತೀರ್ಮಾನವಾಗದೆ ಹೊಸ ರೈಲು, ಹೆಚ್ಚಿನ ನಿಲುಗಡೆ ಎಷ್ಟೇ ಸಿಕ್ಕಿದರೂ ಅದರ ಪೂರ್ತಿ ಪ್ರಯೋಜನ ಜನರಿಗೆ ತಲುಪದು.

ಕುಂದಾಪುರ ಪೇಟೆ ಒಂದು ಕಡೆ, ಕುಂದಾಪುರ ಸ್ಟೇಷನ್ ಇನ್ನೊಂದು ಕಡೆ. ಐದು ನದಿಗಳು ಕೂಡುವ ಪಂಚಗಂಗಾವಳಿಯ ಅಳಿವೆ ಪೇಟೆಯನ್ನು ಸುತ್ತುವರಿದಿದೆ. ರೈಲು ಹಳಿ ಅಲ್ಲಿಂದ ಮೂಡಣಕ್ಕೆ ಸರಿದು ಒಳನಾಡಿನಲ್ಲಿ ಹೊಳೆಗಳನ್ನು ದಾಟುತ್ತದೆ. ಹಾಗಾಗಿ ನಿಲ್ದಾಣ ಬಸ್ರೂರಿನ ದಿಕ್ಕಿನ ಮೂಡ್ಲಕಟ್ಟೆಯಲ್ಲಿದೆ, ಪೇಟೆಯ ಶಾಸ್ತ್ರಿ ಸರ್ಕಲ್‌ನಿಂದ ಕೆಲವು ಕಿಲೋಮೀಟರ್ ದೂರದಲ್ಲಿ. ಉಡುಪಿಯ ಸ್ಟೇಷನ್ನೂ ಊರಿನ ನಡುವೆ ಇಲ್ಲ, ಇಂದ್ರಾಳಿಯಲ್ಲಿದೆ. ಆದರೆ ಅದು ಉಡುಪಿ–ಮಣಿಪಾಲ ರಸ್ತೆಯ ಮಗ್ಗುಲಲ್ಲಿರುವುದರಿಂದ ಕೈ ಮಾಡಿದರೆ ಬಸ್ಸು ಸಿಗುತ್ತದೆ. ಮೂಡ್ಲಕಟ್ಟೆಗೆ ಆ ಅನುಕೂಲ ಇಲ್ಲ. 2018ರಲ್ಲಿ ಬ್ರಹ್ಮಾವರ ತಾಲೂಕಾಯಿತು, ಆದರೆ ಬ್ರಹ್ಮಾವರ ಪೇಟೆಗೆ ತನ್ನದೇ ಆದ ಸ್ಟೇಷನ್ ಇಲ್ಲ. ಅಲ್ಲಿಯವರು ಬಾರ್ಕೂರಿಗೆ ಇಲ್ಲವೇ ಉಡುಪಿಗೆ ಹೋಗಬೇಕು. ರೋಹಾದಿಂದ ತೋಕೂರಿನವರೆಗಿನ ಕೊಂಕಣ ರೈಲು ಮಾರ್ಗ 1998ರ ಜನವರಿ 26ರಂದು ಸಂಚಾರಕ್ಕೆ ತೆರೆದುಕೊಂಡಿತು. ಇಷ್ಟು ವರ್ಷಗಳಲ್ಲಿ ನಮ್ಮ ಬಸ್ಸುಗಳ ಓಡಾಟ ಹಳಿಯ ಕಡೆಗೆ ಹೊರಳಿದ್ದು ಕಡಿಮೆ. ಅದು ಇಂದಿಗೂ ಹೆದ್ದಾರಿಯನ್ನೇ ಹಿಡಿದುಕೊಂಡಿದೆ.

ಬಸ್ಸು ಬಂದರೆ ಪಾರ್ಕಿಂಗ್ ಬೇಕಾಗುವುದಿಲ್ಲ ಎನ್ನುವವರಿದ್ದಾರೆ. ಆ ಮಾತು ಅರ್ಧ ನಿಜ. ಬಯಲುಸೀಮೆಯ ಹಳ್ಳಿಗಳಂತೆ ನಮ್ಮಲ್ಲಿ ಮನೆಗಳು ಒತ್ತೊತ್ತಾಗಿ ಒಂದೆಡೆ ಇರುವುದಿಲ್ಲ. ಗದ್ದೆಯ ಅಂಚಿನಲ್ಲಿ ಒಂದು, ತೋಟದ ನಡುವೆ ಇನ್ನೊಂದು, ಹಾಡಿ ದಾಟಿ ಮತ್ತೊಂದು. ಬಸ್ಸು ಮುಖ್ಯ ರಸ್ತೆಗೆ ಬರುತ್ತದೆ, ಅಲ್ಲಿಂದ ಮನೆಗೆ ಒಂದೋ ಎರಡೋ ಮೈಲಿ ಉಳಿದೇ ಇರುತ್ತದೆ. ಬೆಂಗಳೂರಿನಿಂದ ಬರುವ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ರೈಲು. ಅದರಲ್ಲಿ ಬಂದವರು ಇಳಿಯುವ ಹೊತ್ತಿಗೆ ಒಳದಾರಿಗಳಲ್ಲಿ ಯಾವ ಬಸ್ಸೂ ಓಡುವುದಿಲ್ಲ. ಇಂಥ ನೆಲದಲ್ಲಿ ಸ್ಕೂಟರ್ ಶೋಕಿಯಲ್ಲ. ಬಸ್ಸು ಕೈಬಿಟ್ಟಲ್ಲಿ ಮನೆ ತಲುಪಿಸುವ ಸಾಧನ ಅದು. ನಗರಕ್ಕೆಂದು ಬರೆದ ಸಾರಿಗೆ ನೀತಿಯನ್ನು ಇಲ್ಲಿಗೆ ಹಾಗೆಯೇ ತಂದರೆ ಸರಿಹೋಗದು.

ಗಾಡಿ ಇಡುವವರೆಲ್ಲರ ಅಗತ್ಯವೂ ಒಂದೇ ಅಲ್ಲ. ಬೆಳಿಗ್ಗೆ ಮಂಗಳೂರು ಕಡೆಯ ಲೋಕಲ್ ರೈಲು ಹಿಡಿದು ಸಂಜೆ ಮರಳುವ ನೌಕರರು, ವಿದ್ಯಾರ್ಥಿಗಳು, ಆಸ್ಪತ್ರೆಗೆ ಹೋಗುವವರು ಒಂದು ಬಗೆ. ಶನಿವಾರ-ಭಾನುವಾರಕ್ಕೆ ಬೆಂಗಳೂರಿಗೆ ಹೋಗಿಬರುವವರು ಎರಡನೆಯ ಬಗೆ. ಮತ್ಸ್ಯಗಂಧಾ ಎಕ್ಸ್‌ಪ್ರೆಸ್‌ನಲ್ಲಿ ಮುಂಬೈಗೆ ಹೋಗಿ ಹತ್ತು ದಿನ ನಿಲ್ಲುವವರು ಮೂರನೆಯವರು. ಬೈಂದೂರಿನಲ್ಲಿ ಪರಿಸ್ಥಿತಿ ಇನ್ನೊಂದು ಥರ. ಆ ಸ್ಟೇಷನ್ನಿನ ಹೆಸರೇ ಮೂಕಾಂಬಿಕಾ ರೋಡ್ ಬೈಂದೂರು; ಕೊಲ್ಲೂರಿಗೆ ಹೋಗುವ ಭಕ್ತರಿಗೆ ಅಲ್ಲಿ ಬೇಕಾದದ್ದು ಟ್ಯಾಕ್ಸಿ, ಬಸ್ಸು. ಸೇನಾಪುರದಂಥ ಸಣ್ಣ ನಿಲ್ದಾಣದಲ್ಲಿ ನಾಲ್ಕು ಕಂಬ, ಒಂದು ಮಾಡು, ಎರಡು ದೀಪ ಇದ್ದರೂ ಸುತ್ತಲಿನವರಿಗೆ ದೊಡ್ಡ ಉಪಕಾರ. ಎಲ್ಲ ಕಡೆಗೂ ಒಂದೇ ನಕ್ಷೆ, ಎಲ್ಲರಿಗೂ ಒಂದೇ ದರ ಎಂದು ಹೊರಟರೆ ಮೂರು ಬಗೆಯವರಿಗೂ ಅನ್ಯಾಯವಾಗುತ್ತದೆ.

ಅಗತ್ಯ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಮಳೆಗಾಲದಲ್ಲಿ ನೋಡಬೇಕು. ಮಾಡಿಲ್ಲದ ಕಡೆ ನಿಲ್ಲಿಸಿದ ಬೈಕಿನ ಸೀಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿರುತ್ತಾರೆ; ಗಾಳಿಗೆ ಅದು ಕಿತ್ತುಹೋಗಿ ಸೀಟು ನೀರು ಕುಡಿದಿರುತ್ತದೆ. ಸೈಡ್ ಸ್ಟ್ಯಾಂಡ್ ಕೆಂಪು ಮಣ್ಣಿನಲ್ಲಿ ಹುಗಿದು ಬೈಕು ವಾಲಿಕೊಂಡಿರುತ್ತದೆ, ಒಂದು ವಾಲಿದರೆ ಪಕ್ಕದ್ದಕ್ಕೂ ಪೆಟ್ಟು. ಹೆಲ್ಮೆಟನ್ನು ರೈಲಿನಲ್ಲಿ ಹೊತ್ತು ತಿರುಗಬೇಕು, ಇಲ್ಲವೇ ಕನ್ನಡಿಗೆ ಸಿಕ್ಕಿಸಿ ದೇವರ ಮೇಲೆ ಭಾರ ಹಾಕಬೇಕು. ಕೊಂಕಣ ರೈಲ್ವೆಗೆ ಮಳೆಗಾಲದ ಪ್ರತ್ಯೇಕ ವೇಳಾಪಟ್ಟಿ ಇದೆ. ಗುಡ್ಡ ಕುಸಿಯುವ ಭಯವಿರುವಲ್ಲಿ ರೈಲು ನಿಧಾನವಾಗಿ ಬರುತ್ತದೆ. ಅಷ್ಟು ಹೊತ್ತು ತಡವಾಗಿ ಇಳಿದ ಹೆಣ್ಣುಮಗಳು ಕತ್ತಲಲ್ಲಿ ಮೊಬೈಲ್ ಬೆಳಕು ಹಿಡಿದು ತನ್ನ ಸ್ಕೂಟಿ ಹುಡುಕಬೇಕಾಗಿ ಬಂದರೆ, ನಾಳೆಯಿಂದ ಅವಳು ಬಸ್ಸನ್ನೇ ಹಿಡಿದಾಳು. ಮಾಡು, ಗಟ್ಟಿ ನೆಲ, ಬೆಳಕು, ಕಾಯುವ ಒಬ್ಬ ಮನುಷ್ಯ ಇವು ಪ್ರಯಾಣಿಕರು ರೈಲನ್ನು ಆರಿಸಿಕೊಳ್ಳಲು ಬೇಕಾದ ಕನಿಷ್ಠ ವ್ಯವಸ್ಥೆ.

ಇದಕ್ಕೆ ಎದುರಾಗಿ ಗಟ್ಟಿಯಾದ ಒಂದು ವಾದವಿದೆ, ಅದನ್ನು ಗೌರವದಿಂದ ಎದುರಿಸಬೇಕು. ಅಮೆರಿಕದ ಡೊನಾಲ್ಡ್ ಶೂಪ್ ಪಾರ್ಕಿಂಗ್ ಕುರಿತು 2005ರಲ್ಲಿ ದೊಡ್ಡ ಗ್ರಂಥವನ್ನೇ ಬರೆದರು. ಪುಕ್ಕಟೆ ಪಾರ್ಕಿಂಗ್ ನಿಜಕ್ಕೂ ಪುಕ್ಕಟೆ ಅಲ್ಲ, ಗಾಡಿಯೇ ಇಲ್ಲದವರೂ ಸೇರಿ ಎಲ್ಲರೂ ಅದರ ಬೆಲೆ ತೆರುತ್ತಾರೆ ಎಂಬುದು ಅವರ ವಾದದ ತಿರುಳು. ನಮ್ಮ ದೇಶದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೂ ಪಾರ್ಕಿಂಗ್ ಶುಲ್ಕ ಆ ನೆಲದ ಬೆಲೆಯನ್ನು ತೋರಿಸುವಂತಿರಬೇಕು ಎಂದಿತು. ಜಪಾನಿನಲ್ಲಿ 1962ರ ಕಾನೂನಿನ ಪ್ರಕಾರ ಕಾರು ಇಡಲು ಜಾಗವಿದೆಯೆಂದು ತೋರಿಸಬೇಕು. ಜಾಗ ಕೊಟ್ಟಷ್ಟೂ ಗಾಡಿ ಹೆಚ್ಚುತ್ತದೆ, ಆದ್ದರಿಂದ ಕೊಡಬೇಡಿ ಎಂದು ಇವನ್ನೆಲ್ಲ ಮುಂದಿಟ್ಟು ಹೇಳಬಹುದು.

ಪೇಟೆಯೊಳಗಿನ ಪಾರ್ಕಿಂಗಿಗೆ ಈ ವಾದವನ್ನು ನಾನು ಒಪ್ಪುತ್ತೇನೆ. ಮಂಗಳೂರಿನ ಹಂಪನಕಟ್ಟೆಯಲ್ಲಿ ಇನ್ನೂ ನೂರು ಕಾರಿಗೆ ಜಾಗ ಮಾಡಿದರೆ ಇನ್ನೂ ನೂರು ಕಾರು ಬರುತ್ತವೆ. ಮೂಡ್ಲಕಟ್ಟೆಯಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ನಿಂತ ಒಂದು ಕಾರು ಎಂದರೆ ಹೆದ್ದಾರಿ 66ರಲ್ಲಿ ಮಂಗಳೂರಿನವರೆಗೆ ಸುಮಾರು 90 ಕಿಲೋಮೀಟರ್ ಓಡದೆ ಉಳಿದ, ಹಂಪನಕಟ್ಟೆಯಲ್ಲಿ ಜಾಗ ಹುಡುಕಿ ಸುತ್ತದ ಒಂದು ಕಾರು. ಮಂಗಳೂರು ಸೆಂಟ್ರಲ್‌ನಲ್ಲಿ ಇಳಿದವರು ವೆನ್‌ಲಾಕ್ ಆಸ್ಪತ್ರೆಗೆ ನಡೆದೇ ಹೋಗಬಹುದು. ಸ್ಟೇಷನ್ನಿನ ಪಾರ್ಕಿಂಗ್ ಗಾಡಿಯ ಓಟವನ್ನು ಅಲ್ಲಿಗೇ ಮುಗಿಸುತ್ತದೆ. ಪೇಟೆಯ ಪಾರ್ಕಿಂಗ್ ಪೂರ್ತಿ ದೂರ ಗಾಡಿಯಲ್ಲೇ ಬಾ ಎಂದು ಕರೆಯುತ್ತದೆ. ಈ ಎರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಹಾಗೆಂದು ಎಲ್ಲವನ್ನೂ ಬಿಟ್ಟಿ ಕೊಡಬೇಕೆಂದು ನಾನು ಹೇಳುವುದಿಲ್ಲ. ಒಂದು ಕಾರು ನಿಲ್ಲುವ ಜಾಗದಲ್ಲಿ ನಾಲ್ಕೈದು ಬೈಕು ನಿಲ್ಲುತ್ತವೆ. ಹತ್ತು ದಿನ ಕದಲದ ಕಾರು ಅಷ್ಟೂ ದಿನ ನಿತ್ಯದ ಪ್ರಯಾಣಿಕರ ಜಾಗ ತಿನ್ನುತ್ತದೆ. ಆದ್ದರಿಂದ ದಿನವಹಿ ಹೋಗಿಬರುವ ಬೈಕಿಗೆ ತೀರಾ ಕಡಿಮೆ ದರದ ತಿಂಗಳ ಪಾಸು, ಸ್ಟೇಷನ್ ಬಾಗಿಲಿಗೆ ಹತ್ತಿರದ ಜಾಗ. ಕಾರಿಗೆ ಹೆಚ್ಚು ದರ. ಎರಡು ದಿನ ದಾಟಿದರೆ ಏರುವ ದರ, ದೂರದ ಸಾಲು. ನೆದರ್ಲೆಂಡ್ಸಿನ ಉಟ್ರೆಕ್ಟ್ ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ ಹಿಡಿಯುವ ನಿಲುಗಡೆ ಇದೆ, 2019ರಲ್ಲಿ ಪೂರ್ತಿಗೊಂಡಿತು. ಅಲ್ಲಿ ಮೊದಲ 24 ಗಂಟೆ ಉಚಿತ, ಆಮೇಲೆ ದಿನಕ್ಕಿಷ್ಟು ಎಂದು ಶುಲ್ಕ. ಆ ಪ್ರಮಾಣ ನಮಗೆ ಬೇಕಿಲ್ಲ. ದಿನನಿತ್ಯ ಬರುವವರಿಗೆ ಸಲೀಸು, ತಂದಿಟ್ಟು ಮರೆತವರಿಗೆ ಭಾರ ಎಂಬ ನ್ಯಾಯ ಮಾತ್ರ ನಮಗೂ ಒಪ್ಪುತ್ತದೆ.

ಶುಲ್ಕ ತೆಗೆದುಕೊಂಡ ಮೇಲೆ ಹೊಣೆಯನ್ನೂ ಹೊರಬೇಕು. ಚೀಟಿಯ ಹಿಂದೆ ‘ಕಳವು, ನಷ್ಟಕ್ಕೆ ಜವಾಬ್ದಾರರಲ್ಲ’ ಎಂದು ಅಚ್ಚು ಹಾಕಿ ದುಡ್ಡು ಮಾತ್ರ ಎಣಿಸಿಕೊಳ್ಳುವ ಪದ್ಧತಿಯನ್ನು ಹಲವು ಕಡೆ ನೋಡುತ್ತೇವೆ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ಹೋಟೆಲಿನವರು ಕೀ ಪಡೆದು ಕಾರು ನಿಲ್ಲಿಸಿದ ಮೇಲೆ, ಅವರದೇ ಅಜಾಗ್ರತೆಯಿಂದ ಅದು ಕಳವಾದರೆ ಚೀಟಿಯ ಒಕ್ಕಣೆ ತೋರಿಸಿ ಜಾರಿಕೊಳ್ಳಲಾಗದು ಎಂದಿತು. ಸ್ಟೇಷನ್ನಿನಲ್ಲಿ ಕೀ ನಮ್ಮ ಕಿಸೆಯಲ್ಲೇ ಇರುತ್ತದೆ, ಹಾಗಾಗಿ ಕಾನೂನು ಅಲ್ಲಿ ಅಷ್ಟೇ ಬಿಗಿಯಾಗಿ ಅನ್ವಯಿಸದಿರಬಹುದು. ನ್ಯಾಯದ ಮಾತು ಬೇರೆಯಾಗುವುದಿಲ್ಲ. ಗುತ್ತಿಗೆ ಕೊಡುವಾಗಲೇ ಮಾಡು, ಕ್ಯಾಮೆರಾ, ರಾತ್ರಿಯ ಕಾವಲು ಕರಾರಿನಲ್ಲಿ ಸೇರಬೇಕು. ಅವಿಲ್ಲದಿದ್ದರೆ ವಸೂಲಿಯೂ ನಿಲ್ಲಬೇಕು.

ಪಾರ್ಕಿಂಗ್ ಹೆಚ್ಚಿದರೆ ರಿಕ್ಷಾದವರ ಹೊಟ್ಟೆಗೆ ಹೊಡೆತ ಎಂಬ ಆತಂಕವೂ ಇದೆ. ಹೊತ್ತಲ್ಲದ ಹೊತ್ತಿನಲ್ಲಿ ರೈಲಿಗೆ ಕಾಯುವವರು ಅವರೇ, ಅವರ ದುಡಿಮೆಗೆ ಬೆಲೆ ಇರಲೇಬೇಕು. ಪ್ರೀಪೇಯ್ಡ್ ಕೌಂಟರ್, ಫಲಕದಲ್ಲಿ ಬರೆದ ದರ, ಮಳೆಗೆ ನೆನೆಯದ ರಿಕ್ಷಾ ನಿಲ್ದಾಣ ಇದ್ದರೆ ಬೈಕಿಲ್ಲದವರು, ವಯಸ್ಸಾದವರು, ಸಾಮಾನು ಹೊತ್ತವರು ಅಳುಕಿಲ್ಲದೆ ರಿಕ್ಷಾ ಹತ್ತುತ್ತಾರೆ. ಬಸ್ಸಿನ ಪ್ರಶ್ನೆ ಇದಕ್ಕಿಂತ ದೊಡ್ಡದು. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸುಗಳೇ ಹೆಚ್ಚಿರುವ ನಮ್ಮ ಕರಾವಳಿಯ ಹೆಂಗಸರಿಗೆ ಅದರ ಫಲ ಸಿಕ್ಕಿದ್ದು ಕಡಿಮೆ. ರೈಲಿನ ವೇಳೆಗೆ ಸರಿಯಾಗಿ ಪೇಟೆಯಿಂದ ಮೂಡ್ಲಕಟ್ಟೆಗೆ ಓಡುವ ಸರಕಾರಿ ಬಸ್ಸುಗಳು ಬಂದರೆ ಪಾರ್ಕಿಂಗಿನ ಒತ್ತಡವೂ ತಗ್ಗುತ್ತದೆ, ಗಾಡಿ ಇಲ್ಲದವರಿಗೂ ರೈಲು ಎಟುಕುತ್ತದೆ.

ಇದೆಲ್ಲ ಇಷ್ಟು ಸ್ಪಷ್ಟವಾಗಿದ್ದರೂ ಯಾಕೆ ಆಗುವುದಿಲ್ಲ? ಖರ್ಚು ಒಬ್ಬರದ್ದು, ಲಾಭ ಇನ್ನೊಬ್ಬರದ್ದು. ನಿಲ್ದಾಣದ ನೆಲ ಕೊಂಕಣ ರೈಲ್ವೆಯದ್ದು. ಹೊರಗಿನ ರಸ್ತೆ, ಬೀದಿದೀಪ ಸ್ಥಳೀಯ ಆಡಳಿತದ್ದು. ಬಸ್ಸಿನ ಪರವಾನಿಗೆ ಸಾರಿಗೆ ಪ್ರಾಧಿಕಾರದ್ದು. ದಟ್ಟಣೆ ಇಳಿದು ಉಸಿರಾಡುವುದು ಮಂಗಳೂರು. ಹೀಗಾಗಿ ಮನವಿ ಹಿಡಿದು ಹೋದವರಿಗೆ ಪ್ರತಿ ಕಚೇರಿಯಲ್ಲೂ ಸಿಗುವ ಉತ್ತರ, ಇದು ನಮಗೆ ಬರುವುದಿಲ್ಲ ಎಂದು. ಆದರೆ ಕೊಂಕಣ ರೈಲ್ವೆ ನಿಗಮಕ್ಕೆ ಬಂಡವಾಳ ಹಾಕಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, ಸ್ಥಾಪನೆಯ ವೇಳೆ ಅದರ ಪಾಲು ಶೇಕಡ 15. ಜಿಲ್ಲೆಯ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಪಾಲುದಾರನೂ ಪರವಾನಿಗೆ ಕೊಡುವವರೂ ಸರಕಾರವೇ ಆಗಿರುವಾಗ ನಾಲ್ಕು ಇಲಾಖೆಗಳನ್ನು ಒಂದೇ ಮೇಜಿನ ಸುತ್ತ ಕೂರಿಸುವ ಅಧಿಕಾರ ಇಲ್ಲವೆಂದು ಹೇಳಲಾಗದು.

ಬೈಂದೂರು, ಕುಂದಾಪುರ, ಬ್ರಹ್ಮಾವರ ಮೂರೂ ತಾಲೂಕಿನ ನಿಲ್ದಾಣಗಳಿಗೆ ಜಿಲ್ಲಾಡಳಿತ ಒಟ್ಟಾದ ಒಂದು ಯೋಜನೆ ಮಾಡಬೇಕು. ಬಸ್ಸು ಮತ್ತು ರಿಕ್ಷಾಕ್ಕೆ ಮೊದಲ ಜಾಗ, ನಿತ್ಯದ ಬೈಕಿಗೆ ಎರಡನೆಯದು, ಕಾರಿಗೆ ಉಳಿದದ್ದು ಎಂಬ ಕ್ರಮ ಅದರಲ್ಲಿರಬೇಕು. ಶುಲ್ಕದ ಹಣ ಅದೇ ನಿಲ್ದಾಣದ ಮಾಡಿಗೆ, ದೀಪಕ್ಕೆ, ಕಾವಲಿಗೆ ಖರ್ಚಾಗಬೇಕು. ಪ್ರಯಾಣಿಕರಾದ ನಾವು ಹೊಸ ರೈಲಿಗಾಗಿ ಎತ್ತುವಷ್ಟೇ ದೊಡ್ಡ ದನಿಯನ್ನು ಇದಕ್ಕೂ ಎತ್ತಬೇಕು, ನ್ಯಾಯವಾದ ದರ ಬಂದಾಗ ಗೊಣಗದೆ ಕೊಡಬೇಕು. ಜನರ ದುಡ್ಡಿನಲ್ಲಿ ಹಾಕಿದ ಹಳಿ ಗಾಡಿಯಲ್ಲಿ ಬಿಡುವವರೊಬ್ಬರು ಮನೆಯಲ್ಲಿದ್ದರಷ್ಟೇ ಸಿಗುವ ಸೌಕರ್ಯವಾಗಿ ಉಳಿಯಬಾರದು. ಒಂಟಿಯಾಗಿ ಹೊರಡುವ ಹೆಣ್ಣುಮಗಳಿಗೂ ಮಳೆಗಾಲದ ರಾತ್ರಿಯಲ್ಲೂ ಅದು ನೆಚ್ಚಿಕೊಳ್ಳುವಂತೆ ಇದ್ದರೆ ಮಾತ್ರ ಅದನ್ನು ಸಾರ್ವಜನಿಕ ಸಾರಿಗೆ ಎಂದು ಕರೆಯಬಹುದು.