ಹೃದಯಕ್ಕೆ ಮಾನಿಟರ್ ಇದೆ, ಮೆದುಳನ್ನ ಯಾರು ನೋಡ್ತಿದ್ದಾರೆ?

2025ರ ಜೂನ್-ಜುಲೈ ನೆನಪಿದೆಯಾ? ಹಾಸನದಿಂದ ದಿನಕ್ಕೊಂದು ಹೃದಯಾಘಾತದ ಸುದ್ದಿ, ಟಿವಿಯಲ್ಲಿ ಸಾವಿನ ಲೆಕ್ಕ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದುದ್ದ ಕ್ಯೂ. ಸರ್ಕಾರ ತಜ್ಞರ ಸಮಿತಿ ಮಾಡ್ತು, ವರದಿ ಬಂತು, ಚರ್ಚೆ ತಣ್ಣಗಾಯ್ತು. ಆ ಗದ್ದಲದಲ್ಲಿ ಇಸಿಜಿ, ಸ್ಟೆಂಟ್, ಬೈಪಾಸ್ ಎಲ್ಲದರ ಬಗ್ಗೆ ಕೇಳಿದೆವು. ಹೃದಯದ ಆಪರೇಷನ್ ಆದವರಿಗೆ ಅದೇ ವಾರದಲ್ಲಿ ಲಕ್ವ ಹೊಡೆಯಬಹುದು ಅನ್ನೋದು ಮಾತ್ರ ಎಲ್ಲೂ ಕಿವಿಗೆ ಬೀಳಲಿಲ್ಲ.

ನನಗೂ ಗೊತ್ತಿರಲಿಲ್ಲ, ದೊಡ್ಡಪ್ಪನಿಗೆ ಬೈಪಾಸ್ ಆಗೋವರೆಗೆ. ಆಪರೇಷನ್ ಚೆನ್ನಾಗೇ ಆಗಿತ್ತು. ಮೂರನೇ ದಿನ ವಾರ್ಡಿಗೆ ಬಂದಿದ್ರು. ಸಂಜೆ ಕಾಫಿ ಕುಡಿಸುವಾಗ ಬಾಯಿಯ ಒಂದು ಅಂಚಿಂದ ಸೋರ್ತಿತ್ತು. "ಯಾಕೋ ಬಾಯಿ ಸೊಟ್ಟ ಆದ ಹಂಗಿದೆ ನೋಡಮ್ಮ" ಅಂತ ದೊಡ್ಡಮ್ಮ ಹೇಳಿದ್ರು. ಸುಸ್ತು, ನೋವಿನ ಮಾತ್ರೆಯ ಮಂಪರು, ನಾಳೆ ರೌಂಡ್ಸಲ್ಲಿ ಡಾಕ್ಟರ್ ನೋಡ್ತಾರೆ ಅನ್ನೋ ಉತ್ತರ ಬಂತು. ಮಾರನೇ ದಿನ ಬೆಳಗ್ಗೆ ಡಾಕ್ಟರ್ ಬಂದಾಗ ಬಲಗೈ ಏಳ್ತಿರಲಿಲ್ಲ. ಸಿಟಿ ಸ್ಕ್ಯಾನ್ ಆಗೋ ಹೊತ್ತಿಗೆ ಹದಿನಾಲ್ಕು ತಾಸು ಕಳೆದಿತ್ತು. ಆ ಇಡೀ ರಾತ್ರಿ ಮಂಚದ ಪಕ್ಕದ ಸ್ಕ್ರೀನ್ ಮೇಲೆ ಎದೆಬಡಿತ, ಬಿಪಿ, ಆಕ್ಸಿಜನ್ ಎಲ್ಲ ಹಸಿರು ಬಣ್ಣದಲ್ಲೇ ಓಡ್ತಿತ್ತು.

ಎಂಜಿನಿಯರಿಂಗ್ ಓದಿದವನಾಗಿ ನನ್ನನ್ನ ಇವತ್ತಿಗೂ ಕಾಡೋದು ಆ ಸ್ಕ್ರೀನ್. ಅಳತೆಯಾಗೋದಕ್ಕೆ ಮಾತ್ರ ಅಲಾರ್ಮ್ ಹೊಡೆಯತ್ತೆ. ಎದೆಬಡಿತ ತಪ್ಪಿದರೆ ಬೀಪ್ ಬರತ್ತೆ, ಮಾತು ತಪ್ಪಿದರೆ ಬರಲ್ಲ. ಅಲ್ಲಿ ಇರೋ ಸೆನ್ಸರ್ ಅಂದ್ರೆ ಮನುಷ್ಯರ ಕಣ್ಣೇ.

ಇದೇನು ಕೋಟಿಗೊಬ್ಬರಿಗೆ ಆಗೋದಲ್ಲ. ಬೈಪಾಸ್ ಒಂದನ್ನೇ ಮಾಡಿಸಿಕೊಂಡವರಲ್ಲಿ ಸುಮಾರು 100ಕ್ಕೆ 1ರಿಂದ 2 ಮಂದಿಗೆ ಸ್ಟ್ರೋಕ್ ಆಗತ್ತೆ. ಜೊತೆಗೆ ವಾಲ್ವ್ ರಿಪೇರಿಯೂ ಇದ್ದರೆ ಇನ್ನೂ ಜಾಸ್ತಿ. ಮಹಾಪಧಮನಿಗೆ ಕ್ಲಾಂಪ್ ಹಾಕಿ ತೆಗೆಯುವಾಗ ಅದರ ಗೋಡೆಯ ಕೊಬ್ಬಿನ ಚೂರು ಕಿತ್ತುಬಂದು ಮೆದುಳಿಗೆ ಹೋಗಬಹುದು. ಆಪರೇಷನ್ ಹೊತ್ತಲ್ಲಿ ಬಿಪಿ ತೀರಾ ಇಳಿದು ಮೆದುಳಿಗೆ ರಕ್ತ ಸಾಲದೇ ಹೋಗಬಹುದು. ಮೂರನೆಯದು ಹೆಚ್ಚು ಮೋಸದ್ದು: ಹೃದಯದ ಸರ್ಜರಿ ಆದ 100ರಲ್ಲಿ 20ರಿಂದ 40 ಮಂದಿಗೆ, ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ, ಎದೆಬಡಿತದ ತಾಳ ತಪ್ಪತ್ತೆ. ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ಆಗ ಹೃದಯದೊಳಗೆ ರಕ್ತ ನಿಂತು ಹೆಪ್ಪುಗಟ್ಟಿ ಮೆದುಳಿಗೆ ಹಾರಬಹುದು. ಅಂದರೆ, ಎಚ್ಚರವಾಗಿ ಮನೆಯವರ ಹೆಸರು ಹಿಡಿದು ಕರೆದ ರೋಗಿಗೂ ಆಮೇಲೆ ಸ್ಟ್ರೋಕ್ ಆಗಬಹುದು. ಎಲ್ಲರೂ ಉಸ್ಸಪ್ಪಾ ಅಂತ ಕೂತ ಹೊತ್ತು ಅದು.

ಗುರುತಿಸೋದು ಕಷ್ಟ ಅನ್ನೋದನ್ನೂ ಒಪ್ಪಬೇಕು. ಬಾಯಿ, ಕೈ, ಮಾತು ನೋಡಿ ಅಂತ ಪೋಸ್ಟರಲ್ಲಿ ಹಾಕೋದು ಸುಲಭ. ವೆಂಟಿಲೇಟರ್ ಟ್ಯೂಬ್ ಇರೋರು ಮಾತಾಡೋದು ಹೇಗೆ? ಎದೆಮೂಳೆ ಸೀಳಿ ಹೊಲಿದಿರ್ತಾರೆ, ಕೈಮೇಲೆ ಭಾರ ಹಾಕಬೇಡಿ ಅಂತ ಹೇಳಿರ್ತಾರೆ. ರಕ್ತನಾಳ ತೆಗೆದ ಕಾಲು ಊದಿರತ್ತೆ, ಕುಂಟಿದರೆ ಗಾಯದ ನೋವು ಅಂದುಕೊಳ್ತೀವಿ. ವಯಸ್ಸಾದವರು ಆಪರೇಷನ್ ನಂತರ ಬಡಬಡಿಸೋದೂ ಉಂಟು. ಆದರೆ ಮಂಪರು ಇಡೀ ಮೈಗೆ ಆವರಿಸತ್ತೆ, ಸ್ಟ್ರೋಕ್ ಹೆಚ್ಚಾಗಿ ಒಂದು ಬದಿಗೆ ಬೀಳತ್ತೆ. ಎರಡೂ ಕೈಯಲ್ಲಿ ನನ್ನ ಬೆರಳು ಹಿಸುಕಿ, ಹಲ್ಲು ತೋರಿಸಿ, ಎರಡೂ ಪಾದ ಮೇಲಕ್ಕೆ ಎಳೀರಿ, ಮಗಳ ಹೆಸರು ಹೇಳಿ — ಎಡ ಬಲಕ್ಕೆ ವ್ಯತ್ಯಾಸ ಇದೆಯಾ, ಅಷ್ಟೇ ನೋಡಬೇಕಾದ್ದು. ಒಂದು ನಿಮಿಷದ ಕೆಲಸ. ಕಣ್ಣು ಒಂದೇ ಕಡೆ ವಾಲಿದ್ದರೆ, ಮಂಪರಿನ ಮದ್ದು ನಿಲ್ಲಿಸಿ ಎಷ್ಟು ಹೊತ್ತಾದರೂ ಏಳದಿದ್ದರೆ ಅದೂ ಸೂಚನೆಯೇ.

ಗಡಿಬಿಡಿ ಯಾಕೆ ಅಂದ್ರೆ, ಹೆಪ್ಪು ಕರಗಿಸೋ ಇಂಜೆಕ್ಷನ್ನಿಗೆ ಲಕ್ಷಣ ಶುರುವಾಗಿ ನಾಲ್ಕೂವರೆ ತಾಸಿನ ಗಡುವು. ಅದನ್ನೂ ಈ ರೋಗಿಗಳಿಗೆ ಸಾಮಾನ್ಯವಾಗಿ ಕೊಡೋ ಹಾಗಿಲ್ಲ. ದೊಡ್ಡ ಸರ್ಜರಿಯಾಗಿ ಎರಡು ವಾರವೂ ಆಗಿರಲ್ಲ, ರಕ್ತಸ್ರಾವದ ಭಯ. ದೊಡ್ಡ ರಕ್ತನಾಳ ಕಟ್ಟಿದ್ದರೆ ಉಳಿಯೋ ದಾರಿ ಥ್ರಾಂಬೆಕ್ಟಮಿ, ಅಂದ್ರೆ ತೊಡೆಸಂದಿಯಿಂದ ಕೊಳವೆ ತೂರಿಸಿ ಹೆಪ್ಪನ್ನ ಹೊರಗೆಳೆಯೋದು. ಆರು ತಾಸಿನೊಳಗಾದರೆ ಒಳ್ಳೇದು. ಸ್ಕ್ಯಾನ್ ಅನುಕೂಲಕರವಾಗಿದ್ದರೆ ಕೆಲವರಿಗೆ 24 ತಾಸಿನವರೆಗೂ ಮಾಡಬಹುದು ಅಂತ ಅಧ್ಯಯನಗಳು ತೋರಿಸಿವೆ. ಅದಕ್ಕೆ ನ್ಯೂರೋ ತಂಡ ಬೇಕು, ಕ್ಯಾಥ್‌ಲ್ಯಾಬ್ ಬೇಕು. ರೋಗಿ ಕೊನೇ ಸಲ ಸರಿಯಾಗಿದ್ದದ್ದು ಎಷ್ಟು ಗಂಟೆಗೆ ಅಂತ ಯಾರಾದರೂ ಬರೆದಿಟ್ಟಿರಬೇಕು.

ಇಲ್ಲಿಂದ ಇದು ರಾಜಕೀಯದ ಪ್ರಶ್ನೆ. 2023ರಲ್ಲಿ ರಾಜ್ಯ ಸರ್ಕಾರ ಪುನೀತ್ ರಾಜ್‌ಕುಮಾರ್ ಹೆಸರಲ್ಲಿ ಹೃದಯ ಜ್ಯೋತಿ ಯೋಜನೆ ಘೋಷಿಸಿತು. ತಾಲೂಕು ಆಸ್ಪತ್ರೆಯಲ್ಲಿ ಇಸಿಜಿ, ದೂರದ ತಜ್ಞರಿಂದ ಸಲಹೆ, ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಒಳ್ಳೆ ಯೋಜನೆ, ಹೊಗಳಲೇಬೇಕು. ಇನ್ನೊಂದು ಕಡೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೇನ್ ಹೆಲ್ತ್ ಕ್ಲಿನಿಕ್. ಹೃದಯಕ್ಕೊಂದು ಫೈಲು, ಮೆದುಳಿಗೊಂದು ಫೈಲು. ಎದೆಯಲ್ಲಿ ಹೊಲಿಗೆ ಇಟ್ಟುಕೊಂಡು ಸ್ಟ್ರೋಕ್ ಆದವನದು ಯಾವ ಫೈಲು?

ವಿಚಿತ್ರ ಅಂದ್ರೆ, ಆಸ್ಪತ್ರೆಯೊಳಗೇ ಆಗೋ ಸ್ಟ್ರೋಕ್, ಹೊರಗಿಂದ ಕ್ಯಾಶುವಾಲ್ಟಿಗೆ ಬರೋ ಸ್ಟ್ರೋಕಿಗಿಂತ ನಿಧಾನವಾಗಿ ಪತ್ತೆಯಾಗತ್ತೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳ್ತವೆ. ಇದನ್ನ ನರ್ಸ್‌ಗಳ ತಲೆಗೆ ಕಟ್ಟೋದು ಸುಲಭ. ವೆಂಟಿಲೇಟರ್ ರೋಗಿಗೆ ಒಬ್ಬ ನರ್ಸ್ ಅನ್ನೋದು ಮಾನದಂಡ. ರಾತ್ರಿ ಪಾಳಿಯ ವಾರ್ಡಿಗೆ ಒಂದು ಸಲ ಹೋಗಿ ಮಂಚಗಳನ್ನ ಎಣಿಸಿ, ಆಮೇಲೆ ನರ್ಸ್‌ಗಳನ್ನ ಎಣಿಸಿ. ಇಪ್ಪತ್ತು ಮಂಚ ಓಡಾಡೋ ಹುಡುಗಿಗೆ ತಾಸಿಗೊಮ್ಮೆ ಎಲ್ಲರ ಬೆರಳು ಹಿಸುಕಿಸು ಅಂದ್ರೆ ಅದು ಕಾಗದದ ಮೇಲಿನ ಟಿಕ್ ಮಾರ್ಕ್ ಆಗತ್ತೆ. ಆಸ್ಪತ್ರೆಗಳನ್ನ ಕೇಳಬೇಕಾದ್ದು ಬೇರೆ: ನರ್ಸ್ ಅಥವಾ ರೋಗಿ ಜೊತೆಗಿರೋರು, ಯಾರ ಅನುಮತಿಗೂ ಕಾಯದೆ, ರಾತ್ರಿ ಎರಡಕ್ಕೂ ಸ್ಟ್ರೋಕ್ ತಂಡವನ್ನ ಕರೆಯೋ ಒಂದು ನಂಬರ್ ಇದೆಯಾ? ನಿಮ್ಮಲ್ಲಿ ಥ್ರಾಂಬೆಕ್ಟಮಿ ಇಲ್ಲದಿದ್ದರೆ ಎಲ್ಲಿಗೆ ಕಳಿಸ್ತೀರಿ, ಆಂಬುಲೆನ್ಸ್ ಯಾರದು? ಹೃದಯದ ಸರ್ಜರಿ ನಂತರ ಎಷ್ಟು ಮಂದಿಗೆ ಸ್ಟ್ರೋಕ್ ಆಯ್ತು ಅಂತ ಅಮೆರಿಕದ ಸರ್ಜನ್‌ಗಳ ಸಂಘ ಲೆಕ್ಕ ಇಡತ್ತೆ. ನಮ್ಮ ಆಸ್ಪತ್ರೆಯ ಹೋರ್ಡಿಂಗ್ ಮೇಲೆ ಎಷ್ಟು ಸಾವಿರ ಬೈಪಾಸ್ ಅನ್ನೋದಷ್ಟೇ ಇರತ್ತೆ.

ದೊಡ್ಡಪ್ಪನ ಡಿಸ್ಚಾರ್ಜ್ ಸಮ್ಮರಿ ಆರು ಪುಟ, ಪೂರ್ತಿ ಇಂಗ್ಲಿಷಲ್ಲಿತ್ತು. ಉಪ್ಪು ಕಡಿಮೆ ಮಾಡಿ ಅಂತ ಇತ್ತು. ಬಾಯಿ ಸೊಟ್ಟಾದರೆ ತಕ್ಷಣ ಯಾರಿಗೆ ಹೇಳಬೇಕು ಅಂತ ಒಂದು ಸಾಲೂ ಇರಲಿಲ್ಲ. ಇದ್ದಿದ್ದರೂ ದೊಡ್ಡಮ್ಮನಿಗೆ ಓದೋಕೆ ಬರ್ತಿರಲಿಲ್ಲ. ಆದರೆ ಇಡೀ ಆಸ್ಪತ್ರೆಯಲ್ಲಿ ಅದನ್ನ ಮೊದಲು ಕಂಡವರು ಅವರೇ.