ಎತ್ತರದ ಪ್ರದೇಶಗಳಲ್ಲಿ ಹಠಾತ್ ಹೃದಯಸ್ತಂಭನ: ಯಾತ್ರಾರ್ಥಿಗಳು ಹಾಗೂ ಚಾರಣಿಗರ ಗಮನಕ್ಕೆ

2024ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣ ಮಾರ್ಗದಲ್ಲಿ 22 ಮಂದಿಯ ತಂಡವೊಂದು ಹಿಮಗಾಳಿಗೆ ಸಿಲುಕಿ, ಕರ್ನಾಟಕದ 9 ಮಂದಿ ಚಾರಣಿಗರು ಮೃತಪಟ್ಟರು. ಅದಕ್ಕೂ ಮುನ್ನ, 2022ರ ಚಾರ್‌ಧಾಮ್ ಯಾತ್ರೆಯಲ್ಲಿ 200ಕ್ಕೂ ಹೆಚ್ಚು ಯಾತ್ರಾರ್ಥಿಗಳು ಅಸುನೀಗಿದ್ದು, ಅವರಲ್ಲಿ ಬಹುಪಾಲು ಮಂದಿಯ ಸಾವಿಗೆ ಹೃದಯ ಸಂಬಂಧಿ ತೊಂದರೆಗಳೇ ಕಾರಣವೆಂದು ವರದಿಯಾಗಿತ್ತು. ಮೊದಲನೆಯದು ಶೀತದಿಂದ, ಎರಡನೆಯದು ಬಹುತೇಕ ಹೃದಯದ ದೌರ್ಬಲ್ಯದಿಂದ ಸಂಭವಿಸಿದ ಸಾವು. ಇವೆರಡನ್ನೂ ಒಂದೇ ಎಂದು ಭಾವಿಸುವುದು ಸರಿಯಲ್ಲ.

ಕೃಷ್ಣರಾಜಪುರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ, ಕೇದಾರನಾಥವು 3,583 ಮೀಟರ್ ಎತ್ತರದಲ್ಲಿದೆ. ಅಲ್ಲಿ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವು ಸಮುದ್ರಮಟ್ಟದ ಪ್ರಮಾಣದ ಮೂರನೇ ಎರಡು ಭಾಗದಷ್ಟು ಮಾತ್ರ. ಈ ಕೊರತೆಯನ್ನು ತುಂಬಲು ಹೃದಯವು ಹೆಚ್ಚು ವೇಗವಾಗಿ ದುಡಿಯಬೇಕಾಗುತ್ತದೆ. ಬೆಂಗಳೂರಿನಿಂದ ವಿಮಾನದಲ್ಲಿ ಡೆಹ್ರಾಡೂನ್ ತಲುಪಿ, ವಿಶ್ರಾಂತಿಯಿಲ್ಲದೆ ಗೌರಿಕುಂಡದಿಂದ ಸುಮಾರು 16 ಕಿ.ಮೀ. ಏರು ಹಾದಿ ಹಿಡಿಯುವ ಐವತ್ತು ದಾಟಿದವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಆಸ್ಟ್ರಿಯಾದ ಆಲ್ಪ್ಸ್ ಪರ್ವತಗಳಲ್ಲಿ ನಡೆದ ಅಧ್ಯಯನಗಳಲ್ಲಿ, ಹಠಾತ್ ಹೃದಯಸಂಬಂಧಿ ಸಾವುಗಳು ಎತ್ತರಕ್ಕೆ ತಲುಪಿದ ಮೊದಲ ದಿನವೇ ಹೆಚ್ಚಾಗಿ ಸಂಭವಿಸುವುದು ಕಂಡುಬಂದಿದೆ. ಒಂದು ದಿನದ ರಜೆ ಉಳಿಸುವ ಲೆಕ್ಕಾಚಾರವು ಇಲ್ಲಿ ದುಬಾರಿಯಾಗಬಲ್ಲದು.

ಕೈಲಾಸ ಮಾನಸ ಸರೋವರ ಯಾತ್ರೆಯ ಅರ್ಜಿದಾರರನ್ನು ದೆಹಲಿಯಲ್ಲಿ ಒಮ್ಮೆ, ಲಿಪುಲೇಖ್ ಮಾರ್ಗದ ಗುಂಜಿಯಲ್ಲಿ ಮತ್ತೊಮ್ಮೆ ವೈದ್ಯಕೀಯ ತಪಾಸಣೆಗೆ ಒಳಪಡಿಸಲಾಗುತ್ತದೆ. ಚಾರ್‌ಧಾಮ್ ಯಾತ್ರೆಗೆ ನೋಂದಣಿ ಕಡ್ಡಾಯವಾಗಿದ್ದರೂ ಇಷ್ಟು ಕಟ್ಟುನಿಟ್ಟಿನ ತಪಾಸಣೆ ಇರುವುದಿಲ್ಲ. ಆದ್ದರಿಂದ ವೈದ್ಯಕೀಯ ಪ್ರಮಾಣಪತ್ರವನ್ನು ಅರ್ಜಿಯೊಡನೆ ಲಗತ್ತಿಸುವ ಕಾಗದವೆಂದಷ್ಟೇ ತಿಳಿದು, ಪರಿಚಯದ ವೈದ್ಯರಿಂದ ತಪಾಸಣೆಯಿಲ್ಲದೆ ಸಹಿ ಪಡೆಯುವುದರಿಂದ ನಷ್ಟವಾಗುವುದು ಅರ್ಜಿದಾರರಿಗೇ ಹೊರತು ಇಲಾಖೆಗಲ್ಲ.

ಹೃದಯಾಘಾತದಲ್ಲಿ ಹೃದಯಕ್ಕೆ ರಕ್ತ ಪೂರೈಸುವ ನಾಳವು ಕಟ್ಟಿಕೊಳ್ಳುತ್ತದೆ. ಹೃದಯಸ್ತಂಭನದಲ್ಲಿ ಹೃದಯದ ಬಡಿತವೇ ನಿಂತು ವ್ಯಕ್ತಿಯು ಪ್ರಜ್ಞೆ ತಪ್ಪುತ್ತಾನೆ. ಪುನಶ್ಚೇತನ ಕ್ರಿಯೆ ಆರಂಭಿಸದಿದ್ದಲ್ಲಿ, ಕಳೆಯುವ ಪ್ರತಿ ನಿಮಿಷಕ್ಕೆ ಬದುಕುಳಿಯುವ ಸಾಧ್ಯತೆಯು ಶೇ. 7ರಿಂದ 10ರಷ್ಟು ಕುಸಿಯುತ್ತದೆ. ರಾಜ್ಯದಲ್ಲಿ 2008ರಿಂದ 108 ಆಂಬ್ಯುಲೆನ್ಸ್ ಸೇವೆ ಇದೆಯಾದರೂ, ಟಿನ್ ಫ್ಯಾಕ್ಟರಿ ವೃತ್ತದ ಸಂಜೆಯ ವಾಹನ ದಟ್ಟಣೆಯನ್ನು ಬಲ್ಲವರಿಗೆ ಹತ್ತು ನಿಮಿಷವೆಂದರೆ ಏನೆಂದು ವಿವರಿಸಬೇಕಿಲ್ಲ. ಬೆಟ್ಟದ ಮೇಲೆ ಅದು ಗಂಟೆಗಳಾಗುತ್ತದೆ. ಹೀಗಾಗಿ ಜೊತೆಯಲ್ಲಿರುವವರೇ ಎದೆಯ ಮಧ್ಯಭಾಗವನ್ನು ಎರಡೂ ಕೈಗಳಿಂದ ನಿಮಿಷಕ್ಕೆ 100ರಿಂದ 120 ಬಾರಿ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತುತ್ತಿರಬೇಕು. ಒತ್ತುವವರು ಬೇಗ ದಣಿಯುವುದರಿಂದ ಎರಡು ನಿಮಿಷಕ್ಕೊಮ್ಮೆ ಬದಲಾಗುವುದು ಅಗತ್ಯ.

ಶೀತದಿಂದ ಹೃದಯ ನಿಂತಿದ್ದರೆ ನಿಯಮವು ಭಿನ್ನ. ತಣ್ಣಗಾದ ದೇಹದಲ್ಲಿ ಮೆದುಳಿನ ಆಮ್ಲಜನಕದ ಅಗತ್ಯವು ತೀರಾ ಕಡಿಮೆಯಿರುತ್ತದೆ. ನಾಡಿಯೂ ಉಸಿರೂ ಅತಿ ಕ್ಷೀಣವಾಗಿರಬಹುದಾದ್ದರಿಂದ ಒಂದು ನಿಮಿಷದವರೆಗೆ ಪರೀಕ್ಷಿಸಬೇಕು. ನಾರ್ವೆಯಲ್ಲಿ 1999ರಲ್ಲಿ ಹಿಮದಡಿಯ ನೀರಿಗೆ ಬಿದ್ದು, ದೇಹದ ಉಷ್ಣತೆ 13.7 ಡಿಗ್ರಿಗೆ ಇಳಿದಿದ್ದ ವೈದ್ಯೆಯೊಬ್ಬರು ದೀರ್ಘಕಾಲದ ಪುನಶ್ಚೇತನದ ನಂತರ ಬದುಕಿದರು. ಅಲ್ಲಿ ಹೆಲಿಕಾಪ್ಟರ್ ಹಾಗೂ ಹೃದಯ-ಶ್ವಾಸಕೋಶ ಯಂತ್ರವಿದ್ದ ಆಸ್ಪತ್ರೆ ಲಭ್ಯವಿದ್ದವು. ಹಿಮಾಲಯದ ಚಾರಣ ಮಾರ್ಗಗಳಲ್ಲಿ ಅಂತಹ ಸೌಲಭ್ಯವನ್ನು ನಿರೀಕ್ಷಿಸಲಾಗದು. ಹವಾಮಾನ ಕೆಟ್ಟಾಗ ಹಿಂತಿರುಗುವ ನಿರ್ಧಾರವನ್ನು ಮಾತ್ರ ತಂಡದ ನಾಯಕರಿಂದ ಮೊದಲೇ ಖಚಿತಪಡಿಸಿಕೊಳ್ಳಬಹುದು. ಮಧುಮೇಹ, ರಕ್ತದೊತ್ತಡದ ಔಷಧ ಸೇವಿಸುತ್ತಿರುವವರು ಔಷಧದ ಚೀಟಿಯ ಪ್ರತಿಯನ್ನು ಸಹಯಾತ್ರಿಕರೊಬ್ಬರ ಬಳಿಯೂ ಇರಿಸತಕ್ಕದ್ದು.