ಶತಾಯುಷ್ಯ ಮತ್ತು ಬೀಜಬಲ

ಅಜ್ಜ, ಮುತ್ತಜ್ಜ ತೊಂಬತ್ತು ದಾಟಿದ್ದರೆಂಬ ಧೈರ್ಯದಲ್ಲಿ ತಂಬಾಕು ಬಿಡದವರನ್ನು ನಾವು ಚಿಕಿತ್ಸಾಲಯದಲ್ಲಿ ಆಗಾಗ ಕಾಣುತ್ತೇವೆ. ತಂದೆ ಐವತ್ತಕ್ಕೇ ತೀರಿಕೊಂಡರೆಂದು ಎದೆಗುಂದಿ, ರಕ್ತದೊತ್ತಡದ ಮಾತ್ರೆಯನ್ನೂ ನಿಲ್ಲಿಸಿದವರುಂಟು. ಇಬ್ಬರೂ ಬೀಜದ ಮೇಲೆ ಅದು ಹೊರಲಾರದ ಭಾರವನ್ನು ಹೊರಿಸುತ್ತಾರೆ.

ಡೆನ್ಮಾರ್ಕ್ ದೇಶದಲ್ಲಿ 1870ರಿಂದ 1900ರ ನಡುವೆ ಜನಿಸಿದ 2,872 ಅವಳಿ ಜೋಡಿಗಳ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ಬೀಜಸಂಪತ್ತು ಒಂದೇ. ಅವರ ಆಯುಷ್ಯದ ಸಾಮ್ಯವನ್ನು ಬೇರೆ ಬೇರೆ ಅಂಡಗಳಿಂದ ಹುಟ್ಟಿದ ಅವಳಿಗಳೊಡನೆ ತೂಗಿ ನೋಡಿದಾಗ, ಜನರ ಆಯುಷ್ಯದಲ್ಲಿ ಕಾಣುವ ಅಂತರಕ್ಕೆ ವಂಶವಾಹಿಗಳು ಕಾರಣವಾದದ್ದು ಸುಮಾರು ಕಾಲುಭಾಗ ಮಾತ್ರ. ನೂರನ್ನು ಮುಟ್ಟುವವರ ವಿಷಯ ಬೇರೆ. ಅಮೆರಿಕೆಯ ಶತಾಯುಷಿಗಳ ಒಡಹುಟ್ಟಿದವರಲ್ಲಿ ಆ ವಯಸ್ಸನ್ನು ತಲುಪುವ ಸಂಭವ, ಅದೇ ಕಾಲದಲ್ಲಿ ಜನಿಸಿದ ಇತರರಿಗಿಂತ, ಸೋದರಿಯರಿಗೆ 8 ಪಟ್ಟು, ಸೋದರರಿಗೆ 17 ಪಟ್ಟು ಹೆಚ್ಚೆಂದು 2002ರಲ್ಲಿ ಕಂಡುಬಂತು. ಹವಾಯಿ ದ್ವೀಪದ ಜಪಾನೀ ಮೂಲದ ಪುರುಷರಲ್ಲಿ ಫಾಕ್ಸೋ-3 ಎಂಬ ವಂಶವಾಹಿಯ ಒಂದು ರೂಪವು ದೀರ್ಘಾಯುಷ್ಯದೊಡನೆ ಕೂಡಿಬರುವುದನ್ನು 2008ರಲ್ಲಿ ಗುರುತಿಸಲಾಯಿತು. ಅಪೊ-ಇ ವಂಶವಾಹಿಯ ನಾಲ್ಕನೆಯ ರೂಪವಾದರೋ ಶತಾಯುಷಿಗಳಲ್ಲಿ ವಿರಳ. ಅದು ಹೃದ್ರೋಗಕ್ಕೂ ಮರೆವಿನ ರೋಗಕ್ಕೂ ಎಡೆಮಾಡಬಲ್ಲುದು. ಎಡೆಮಾಡಬಲ್ಲುದು ಎಂದೆವು, ಮಾಡಿಯೇ ತೀರುತ್ತದೆ ಎನ್ನಲಿಲ್ಲ. ಎಂಜಲು ಪರೀಕ್ಷಿಸಿ ಕೊಡುವ ವರದಿಯನ್ನು ಜಾತಕದಂತೆ ಓದುವವರು ಈ ಭೇದವನ್ನೇ ಮರೆಯುತ್ತಾರೆ.

ಆಯುಷ್ಯವು ನಿಯತವೋ ಅನಿಯತವೋ ಎಂಬ ಅಗ್ನಿವೇಶನ ಪ್ರಶ್ನೆಯನ್ನು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯವು ಎತ್ತಿಕೊಂಡಿದೆ. ಅಲ್ಲಿ ಬಂಡಿಯ ಅಚ್ಚಿನ ದೃಷ್ಟಾಂತವಿದೆ. ಒಳ್ಳೆಯ ಅಚ್ಚು ತನ್ನ ಕಾಲ ಬಂದಾಗ ಸವೆದು ಹೋಗುತ್ತದೆ. ಅತಿಭಾರ ಹೇರಿದರೆ, ಹಾದಿ ಕೆಟ್ಟಿದ್ದರೆ, ಅದೇ ಅಚ್ಚು ನಡುದಾರಿಯಲ್ಲಿ ಮುರಿಯುತ್ತದೆ. ಡೆನ್ಮಾರ್ಕಿನ ಲೆಕ್ಕವನ್ನು ರೋಗಿಗಳಿಗೆ ತಿಳಿಹೇಳಲು ನಮಗೆ ಇದಕ್ಕಿಂತ ಸುಲಭವಾದ ಮಾತು ದೊರೆತಿಲ್ಲ. ಹಾಗೆಂದು, ಬೀಜಭಾಗಾವಯವ ಎಂಬ ಒಂದು ಪದವನ್ನು ಹಿಡಿದು ನಮ್ಮ ಆಚಾರ್ಯರಿಗೆ ವಂಶವಾಹಿಗಳೆಲ್ಲ ತಿಳಿದಿದ್ದವೆಂದು ಸಾರುವ ನಮ್ಮ ವೃತ್ತಿಬಾಂಧವರನ್ನು ನಾವು ಒಪ್ಪಲಾರೆವು. ರಸಾಯನ ಸೇವನೆಯಿಂದ ವಂಶವಾಹಿಯೇ ಬದಲಾಗುತ್ತದೆಂದು ಡಬ್ಬಿಯ ಮೇಲೆ ಅಚ್ಚುಹಾಕಿಸಿ ಮಾರುವುದಂತೂ ವೈದ್ಯವೃತ್ತಿಗೆ ಶೋಭೆ ತರುವುದಿಲ್ಲ.

ದುಬಾರಿ ಪರೀಕ್ಷೆಗೆ ಹಣ ತೆರುವ ಮೊದಲು ತಂದೆತಾಯಿ, ದೊಡ್ಡಪ್ಪ, ಸೋದರಮಾವ, ಅತ್ತೆಯಂದಿರು ಯಾವ ವಯಸ್ಸಿನಲ್ಲಿ, ಯಾವ ರೋಗದಿಂದ ತೀರಿಕೊಂಡರೆಂಬುದನ್ನು ಒಂದು ಹಾಳೆಯಲ್ಲಿ ಬರೆದು ತರುವಂತೆ ನಾವು ಕೇಳುತ್ತೇವೆ. ಹೃದ್ರೋಗ, ಮಧುಮೇಹ ಆ ಹಾಳೆಯಲ್ಲಿ ಮತ್ತೆ ಮತ್ತೆ ಕಂಡರೆ, ಮೂವತ್ತು ತುಂಬಿದ ಮಕ್ಕಳಿಗೂ ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳ ತಪಾಸಣೆ ಆಗಲೇ ಮಾಡಿಸತಕ್ಕದ್ದು.